ಮೊದಲು ನಂಬಿದವರ ಋಣ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಹೈಡ್ರೋಜನ್ ಕಾರಿನ ಪಾಡೂ ಇದೇ. ಬಂಕ್ ಇಲ್ಲದೆ ಕಾರು ಕೊಳ್ಳುವವರಿಲ್ಲ. ಕಾರುಗಳಿಲ್ಲದೆ ಬಂಕ್‌ಗೆ ಬಂಡವಾಳ ಹಾಕುವವರಿಲ್ಲ. ಈ ಕಗ್ಗಂಟು ಬಿಡಬೇಕಾದರೆ ಯಾರಾದರೂ ಮೊದಲು ನಂಬಬೇಕು.

ಕ್ಯಾಲಿಫೋರ್ನಿಯಾದಲ್ಲಿ ಹಾಗೆ ನಂಬಿದವರಿದ್ದರು. 2015ರಲ್ಲಿ ಟೊಯೋಟಾದ ಮಿರಾಯ್ ಅಲ್ಲಿಗೆ ಬಂತು. ಜಪಾನೀ ಭಾಷೆಯಲ್ಲಿ ಆ ಹೆಸರಿಗೆ 'ಭವಿಷ್ಯ' ಎಂದರ್ಥ. ಟ್ಯಾಂಕ್ ಐದು ನಿಮಿಷದಲ್ಲಿ ತುಂಬುತ್ತದೆ, ಹೊರಬರುವುದು ನೀರು. ಆದರೆ ಅನಿಲವನ್ನು 700 ಬಾರ್ ಒತ್ತಡದಲ್ಲಿ, ತಣಿಸಿ ತುಂಬುವ ಯಂತ್ರಗಳು ಬಲು ದುಬಾರಿ. ಕಿಲೋ ಬೆಲೆ ಕೆಲವೆಡೆ 36 ಡಾಲರ್ ಮುಟ್ಟಿತು. 2024ರ ಫೆಬ್ರವರಿಯಲ್ಲಿ ಶೆಲ್ ಕಂಪನಿ ಅಲ್ಲಿ ಕಾರುಗಳಿಗೆಂದು ತೆರೆದಿದ್ದ ತನ್ನ ಹೈಡ್ರೋಜನ್ ಬಂಕ್‌ಗಳನ್ನು ಮುಚ್ಚಿಬಿಟ್ಟಿತು.

ನಷ್ಟದ ಅಂಗಡಿ ಮುಚ್ಚುವುದು ಅಧರ್ಮವೇ? ಅಲ್ಲ. ಕೊಂಡವರೂ ಏನೂ ಅರಿಯದ ಮಕ್ಕಳಲ್ಲ. ಆದರೆ ಇಬ್ಬರ ನಷ್ಟ ಒಂದೇ ತೂಕದ್ದಲ್ಲ. ಕಂಪನಿಗೆ ಅದು ಹಲವು ಪ್ರಯೋಗಗಳಲ್ಲೊಂದು. ಸಾಲ ಮಾಡಿ ಕೊಂಡವರಿಗೆ ಇರುವುದೊಂದೇ ಕಾರು. ಕಾರು ಮಾರಿದವರು ಒಬ್ಬರು, ಬಂಕ್ ನಡೆಸಿದವರು ಇನ್ನೊಬ್ಬರು, ಸಹಾಯಧನ ಕೊಟ್ಟದ್ದು ಸರ್ಕಾರ. 'ಮಾತು ಕೊಟ್ಟವರು ಯಾರು?' ಎಂದರೆ ಎಲ್ಲರೂ ಪಕ್ಕದವರತ್ತ ಬೆರಳು ತೋರಿಸಬಹುದು.

ಪ್ರಯೋಗ ಸೋಲಬಹುದು. ಸೋಲಿನ ಲೆಕ್ಕವನ್ನು ಮೂವರೂ ಹಂಚಿಕೊಳ್ಳದೆ ಮೊದಲು ನಂಬಿದವರ ತಲೆಗೇ ಕಟ್ಟಿದರೆ, ನಾಳೆಯ ಇನ್ನೊಂದು ಇಂಧನಕ್ಕೆ ಮೊದಲ ಗಿರಾಕಿ ಎಲ್ಲಿಂದ ಬರಬೇಕು?