ಹೆರಿಗೆಯ ಆಸ್ಪತ್ರೆಯನ್ನು ಯಾವ ಅಳತೆಯಿಂದ ಅಳೆಯತಕ್ಕದ್ದು?

ತಾಯಿಯ ಹೊಟ್ಟೆಯನ್ನೂ ಗರ್ಭಕೋಶವನ್ನೂ ಕೊಯ್ದು ಶಿಶುವನ್ನು ಹೊರಗೆ ತೆಗೆಯುವ ಶಸ್ತ್ರಕ್ರಿಯೆಗೆ ಸಿಸೇರಿಯನ್ ಎಂದು ಹೆಸರು. ಇದು ಹೆಚ್ಚಾಗಿ ನಡೆಯುವ ಆಸ್ಪತ್ರೆಯು ಕೆಟ್ಟದ್ದೆಂತಲೂ ಕಡಿಮೆಯಾಗಿ ನಡೆಯುವದು ಒಳ್ಳೆಯದೆಂತಲೂ ಅನೇಕರು ತೀರ್ಪು ಹೇಳುತ್ತಾರೆ. ಒಂದು ಸಂಖ್ಯೆಯನ್ನು ನೋಡಿ ಇಂಥ ತೀರ್ಪು ಕೊಡುವದು ನ್ಯಾಯವೋ? ಇದನ್ನು ನಾವು ವಿಚಾರಿಸೋಣ.

ಸಂಖ್ಯೆಯು ನಮ್ಮನ್ನು ಎಚ್ಚರಿಸುವದು ನಿಜ. 1985ರಲ್ಲಿ ಬ್ರೆಜಿಲ್ ದೇಶದ ಫೋರ್ಟಲೇಜಾ ಪಟ್ಟಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೂಡಿಸಿದ ಸಭೆಯು, ಯಾವ ಪ್ರಾಂತದಲ್ಲಿಯೂ ಇಂಥ ಹೆರಿಗೆಗಳು ನೂರಕ್ಕೆ 10ರಿಂದ 15ನ್ನು ಮೀರುವದಕ್ಕೆ ಕಾರಣವಿಲ್ಲವೆಂದು ಹೇಳಿತು. ನಮ್ಮ ದೇಶದಲ್ಲಿಯಾದರೋ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸರಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14.3 ಹೆರಿಗೆಗಳೂ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47.4 ಹೆರಿಗೆಗಳೂ ಶಸ್ತ್ರಕ್ರಿಯೆಯಿಂದ ಆದವು. ಕರ್ನಾಟಕದ ಎಲ್ಲಾ ಹೆರಿಗೆಗಳನ್ನು ಕೂಡಿಸಿದರೆ ನೂರಕ್ಕೆ 31.5. ಇಷ್ಟು ದೊಡ್ಡ ಅಂತರಕ್ಕೆ ತಾಯಂದಿರ ದೇಹಸ್ಥಿತಿಯೊಂದೇ ಕಾರಣವೆಂದು ಯಾರು ನಂಬುವರು? ಶಸ್ತ್ರಕ್ರಿಯೆಗೆ ಹಣ ಹೆಚ್ಚು ಸಿಕ್ಕುತ್ತದೆ. ರಾತ್ರಿಯೆಲ್ಲಾ ಕಾದಿರುವ ಶ್ರಮ ವೈದ್ಯರಿಗೆ ತಪ್ಪುತ್ತದೆ. ಮುಹೂರ್ತ ನೋಡಿ ಕೊಯ್ಯಿಸುವ ಮನೆಯವರೂ ಇದ್ದಾರೆ. ಆದರೆ ಗಾಯದ ನೋವನ್ನೂ ಮುಂದಿನ ಗರ್ಭದಲ್ಲಿ ಬರಬಹುದಾದ ಅಪಾಯವನ್ನೂ ಹೊರುವವಳು ತಾಯಿಯೇ.

ಹಾಗಾದರೆ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದೋ? ಹಾಗೂ ಅಲ್ಲ. ತಾಲೂಕಿನ ಸಣ್ಣ ಆಸ್ಪತ್ರೆಯು ಕಷ್ಟದ ಹೆರಿಗೆಗಳನ್ನೆಲ್ಲಾ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತದೆ. ಆದುದರಿಂದ ಮೊದಲನೆಯದರ ಸಂಖ್ಯೆ ತಗ್ಗುವದು, ಎರಡನೆಯದರದು ಏರುವದು. ಭಾರ ಹೊತ್ತವನನ್ನು ದೂಷಿಸಿ ಭಾರವನ್ನು ದಾಟಿಸಿದವನನ್ನು ಹೊಗಳುವದು ಸರಿಯೋ? ಶಸ್ತ್ರವೈದ್ಯರೇ ಇಲ್ಲದ ಸೀಮೆಯಲ್ಲಿ ಸಂಖ್ಯೆಯು ಬಹಳ ಸಣ್ಣದು. ಅಲ್ಲಿ ತಾಯಂದಿರೂ ಶಿಶುಗಳೂ ಸಾಯುತ್ತಾರೆ. ಇದಲ್ಲದೆ ಕಡಿಮೆ ಸಂಖ್ಯೆಗೇ ಹೊಗಳಿಕೆ ದೊರಕುವದಾದರೆ, ಮಗು ಅಡ್ಡವಾಗಿರುವ ಹೆಂಗಸನ್ನು ಬಾಗಿಲಿಂದಲೇ ಕಳುಹಿಸಿಬಿಡುವ ಶೋಧನೆ ಆಸ್ಪತ್ರೆಗೆ ಬಾರದೇ ಇದ್ದೀತೋ? ಆಗ ಲೆಕ್ಕದ ಪುಸ್ತಕ ಶುದ್ಧವಾಗಿರುವದು, ತೊಟ್ಟಿಲು ಬರಿದಾಗಿರುವದು.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಈ ಮಾತನ್ನು ಪುನಃ ವಿಚಾರಿಸಿತು. ಒಂದು ಜನಸಮೂಹದಲ್ಲಿ ನೂರಕ್ಕೆ 10ನ್ನು ಮೀರಿದ ಮೇಲೆ, ಶಸ್ತ್ರಕ್ರಿಯೆಗಳು ಹೆಚ್ಚಿದ ಹಾಗೆ ಮರಣಗಳು ತಗ್ಗುವದು ಕಾಣುವದಿಲ್ಲವೆಂದು ತಿಳಿಸಿತು. ಆದರೂ ಒಂದು ಸಂಖ್ಯೆಯನ್ನು ಮುಟ್ಟುವದಕ್ಕಲ್ಲ, ಅವಶ್ಯವುಳ್ಳ ಪ್ರತಿಯೊಬ್ಬ ಸ್ತ್ರೀಗೂ ಶಸ್ತ್ರಕ್ರಿಯೆ ದೊರಕುವದಕ್ಕೇ ಪ್ರಯಾಸಪಡಬೇಕೆಂದು ಹೇಳಿತು. ಆಸ್ಪತ್ರೆಗಳನ್ನು ಹೋಲಿಸುವದಕ್ಕೆ ಮೈಕೆಲ್ ರಾಬ್ಸನ್ ಎಂಬ ವೈದ್ಯರು 2001ರಲ್ಲಿ ಪ್ರಕಟಿಸಿದ ಹತ್ತು ವರ್ಗಗಳ ಕ್ರಮವನ್ನು ಸೂಚಿಸಿತು. ಚೊಚ್ಚಲೋ ಅಲ್ಲವೋ, ಹಿಂದೆ ಶಸ್ತ್ರಕ್ರಿಯೆ ಆಗಿತ್ತೋ, ಒಂದೇ ಶಿಶುವೋ ಅವಳಿಯೋ, ತಲೆ ಕೆಳಗಿದೆಯೋ, ತಿಂಗಳು ತುಂಬಿದೆಯೋ, ನೋವು ತಾನಾಗಿ ಬಂತೋ ಎಂದು ವಿಂಗಡಿಸಿ, ಸಮಾನರನ್ನು ಸಮಾನರೊಂದಿಗೆ ನೋಡುವ ಕ್ರಮವಿದು. ರಾಗಿಯನ್ನೂ ಭತ್ತವನ್ನೂ ಒಂದೇ ರಾಶಿಗೆ ಸುರಿದು ಯಾರ ಬೆಳೆ ಒಳ್ಳೆಯದೆಂದು ಕೇಳುವ ರೈತನುಂಟೋ?

ಪ್ರಿಯ ವಾಚಕರೇ, ಅವಶ್ಯವಿಲ್ಲದೆ ಕೊಯ್ಯುವವನೂ ಅವಶ್ಯವಿರುವಾಗ ಕೊಯ್ಯದವನೂ ಒಂದೇ ತಪ್ಪು ಮಾಡುತ್ತಾರೆ. ಇಬ್ಬರೂ ತಾಯಿಗಿಂತ ಬೇರೊಂದನ್ನು ಮುಂದಿಡುತ್ತಾರೆ. ಆದುದರಿಂದ ವೈದ್ಯರು ಶಸ್ತ್ರಕ್ರಿಯೆ ಬೇಕೆಂದಾಗ, ಕಾರಣವೇನೆಂದು ನಾವು ಮರ್ಯಾದೆಯಿಂದಲೂ ಧೈರ್ಯದಿಂದಲೂ ಕೇಳೋಣ. ಕಾರಣ ತಿಳಿದ ಮೇಲೆ ವೃಥಾ ಹಟಮಾಡಿ ಹೊತ್ತು ಕಳೆಯದಿರೋಣ. ಶಸ್ತ್ರಕ್ರಿಯೆಯಿಂದ ಹೆತ್ತ ಸೊಸೆಯನ್ನು, ಹೆರುವದು ನಿನ್ನಿಂದ ಆಗಲಿಲ್ಲವೆಂದು ಯಾರೂ ಹಂಗಿಸಬಾರದು. ಯಾಕಂದರೆ ಅವಳೂ ಪ್ರಾಣವನ್ನು ಒತ್ತೆಯಿಟ್ಟೇ ತಾಯಿಯಾದಳು.