ಏಲಮಿನಲ್ಲಿ ಸುಳ್ಳು ಕೂಗೂ ಸುಳ್ಳು ಮೌನವೂ

ಸುಗ್ಗಿಯ ಕೃತಜ್ಞತಾ ಆರಾಧನೆಯು ತೀರಿದ ಮೇಲೆ ದೇವಾಲಯದ ಅಂಗಳದಲ್ಲಿ ಕುಂಬಳಕಾಯಿ, ಬಾಳೆಗೊನೆ, ಕೋಳಿ ಮುಂತಾದ ಕಾಣಿಕೆಗಳನ್ನು ಏಲಂ ಹಾಕುವದನ್ನು ನೋಡದವರು ನಮ್ಮ ವಾಚಕರಲ್ಲಿ ಕಡಿಮೆ. ಸಂತೆಯಲ್ಲಿ 40 ರೂಪಾಯಿಗೆ ದೊರಕುವ ಕಾಯಿಯನ್ನು ಒಬ್ಬನು ನಗುನಗುತ್ತಾ 400 ರೂಪಾಯಿಗೆ ಕೊಳ್ಳುವನು. ಇದರಲ್ಲಿ ಯಾರಿಗೂ ಮೋಸವಿಲ್ಲ. ಯಾಕಂದರೆ ಅವನು ಕೊಡುವದು ಕಾಯಿಯ ಕ್ರಯವಲ್ಲ, ಕಾಣಿಕೆಯೇ ಎಂದು ಎಲ್ಲರಿಗೂ ಗೊತ್ತುಂಟು. ಆದರೆ ಕ್ರಯವು ಇನ್ನೂ ಏರಲೆಂದು ಹಿರಿಯರು ಒಬ್ಬ ಹುಡುಗನನ್ನು ಗುಂಪಿನ ಹಿಂದೆ ನಿಲ್ಲಿಸಿ, ಕೊಳ್ಳುವ ಮನಸ್ಸಿಲ್ಲದೆ ಸವಾಲು ಕೂಗುವಂತೆ ಹೇಳಿಕೊಟ್ಟರೆ ಅದು ತಪ್ಪೋ? ಹಣವು ಸಭೆಯ ಪೆಟ್ಟಿಗೆಗೇ ಬೀಳುವದಲ್ಲವೋ ಎಂದು ಕೆಲವರು ಹೇಳಾರು. ತಪ್ಪೇ ಎಂದು ನಾವು ಹೇಳುತ್ತೇವೆ.

ಏಲಂ, ಅಥವಾ ಕೆಲವು ಸೀಮೆಗಳಲ್ಲಿ ಲಿಲಾವು ಇಲ್ಲವೆ ಹರಾಜು ಎಂದು ಕರೆಯಲ್ಪಡುವ ಈ ವಿಕ್ರಯವು ಬೇರೆ ವ್ಯಾಪಾರದಂತಲ್ಲ. ಅಂಗಡಿಯಲ್ಲಿ ಇಬ್ಬರು ಮಾತಾಡಿ ಕ್ರಯವನ್ನು ಗೊತ್ತುಮಾಡುತ್ತಾರೆ. ಏಲಮಿನಲ್ಲಿಯಾದರೋ ಗುಂಪೇ ಅದನ್ನು ಗೊತ್ತುಮಾಡುತ್ತದೆ. ಪಕ್ಕದವನು ಎಮ್ಮೆಯನ್ನು ನೋಡಿ 20,000 ರೂಪಾಯಿ ಎಂದು ಕೂಗಿದ್ದರಿಂದಲೇ ನಾವು ಧೈರ್ಯದಿಂದ 21,000 ಎಂದು ಕೂಗುತ್ತೇವೆ. ಅವನ ಕೂಗು ನಮಗೆ ಆ ಎಮ್ಮೆಯ ವಿಷಯವಾದ ಸಾಕ್ಷಿಯಾಗಿದೆ. ಅವನು ಮಾರುವವನ ಗುಪ್ತ ಮನುಷ್ಯನಾಗಿದ್ದರೆ ಆ ಸಾಕ್ಷಿಯು ಸುಳ್ಳು, ಮತ್ತು ಒಂಭತ್ತನೆಯ ಆಜ್ಞೆಯು ಸಂತೆಯ ಬೇಲಿಯ ಹೊರಗೆ ನಿಲ್ಲುವದಿಲ್ಲ.

ಕಾಯಿದೆಯೂ ಹೀಗೆಯೇ ಎಣಿಸಿದೆ. ಚರಸೊತ್ತುಗಳ ವಿಷಯದಲ್ಲಿ 1930ರ ಸರಕು ಮಾರಾಟದ ಕಾಯಿದೆಯ 64ನೆಯ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಾರುವವನು ತಾನೂ ಸವಾಲು ಹಾಕುವ ಹಕ್ಕನ್ನು ಇಟ್ಟುಕೊಂಡಿದ್ದೇನೆಂದು ಮುಂಚಿತವಾಗಿ ಪ್ರಕಟಿಸಿದರೆ ಅವನಾಗಲಿ ಅವನ ಪರವಾಗಿ ಒಬ್ಬನೇ ಒಬ್ಬನಾಗಲಿ ಕೂಗಬಹುದು. ಪ್ರಕಟಿಸದೆ ಕೂಗಿಸಿದರೆ ಕೊಂಡವನು ಆ ಮಾರಾಟವನ್ನು ಮೋಸವೆಂದು ಎಣಿಸಬಹುದು. ಕ್ರಯವನ್ನೇರಿಸಲು ನಟನೆಯ ಸವಾಲು ಹಾಕಿಸಿದ್ದಾದರೆ ಕ್ರಯವನ್ನೇ ರದ್ದುಮಾಡಬಹುದು. ಗೊತ್ತಿದ್ದೂ ಅಂಥ ಸವಾಲನ್ನು ಸ್ವೀಕರಿಸುವ ಏಲಮುದಾರನೂ ತಪ್ಪಿತಸ್ಥನೇ. ಇದು ಹೊಸ ಎಣಿಕೆಯಲ್ಲ. 1776ರಲ್ಲಿಯೇ ಇಂಗ್ಲೆಂಡಿನ ನ್ಯಾಯಾಧಿಪತಿಯಾದ ಲಾರ್ಡ್ ಮ್ಯಾನ್ಸ್‌ಫೀಲ್ಡನು ಒಂದು ಕುದುರೆಯ ವ್ಯಾಜ್ಯದಲ್ಲಿ, ಮಾರುವವನು ಗುಪ್ತವಾಗಿ ತನ್ನ ಪರವಾಗಿ ಸವಾಲು ಹಾಕಿಸುವದು ಕೊಳ್ಳುವವರಿಗೆ ಮಾಡುವ ಮೋಸವೆಂದು ತೀರ್ಮಾನಿಸಿದ್ದನು. ಆದದರಿಂದ ನಮ್ಮ ಹಿರಿಯರು ಕಾಣಿಕೆಯ ಕೋಳಿಯು ಅಗ್ಗಕ್ಕೆ ಹೋಗಬಾರದೆಂದು ಬಯಸಿದರೆ, ಇಂತಿಷ್ಟಕ್ಕೆ ಕಡಿಮೆಯಾಗಿ ಕೊಡುವದಿಲ್ಲವೆಂದು ಮೊದಲೇ ಗಟ್ಟಿಯಾಗಿ ಹೇಳಲಿ. ಅದಕ್ಕೆ ಕಾಯಿದೆಯು ಎಡೆ ಕೊಟ್ಟದೆ, ಹುಡುಗನೂ ಕೆಡುವದಿಲ್ಲ.

ಕೂಗಿದ ಮಾತನ್ನು ಹಿಂದೆಗೆಯಬಹುದೋ ಎಂದು ಕೇಳುವವರಿದ್ದಾರೆ. ಏಲಮುದಾರನು ಸುತ್ತಿಗೆ ಬಡಿಯುವ ವರೆಗೆ, ನಮ್ಮ ಕಡೆಯಲ್ಲಿ ಮೂರನೆಯ ಸಾರಿ ಎನ್ನುವ ವರೆಗೆ, ಹಿಂದೆಗೆಯಬಹುದು. 1789ರಲ್ಲಿ ಲಂಡನಿನಲ್ಲಿ ಒಬ್ಬನು ಭಟ್ಟಿಯ ಸಾಮಾನಿಗೆ 40 ಪೌಂಡು ಕೂಗಿ, ಸುತ್ತಿಗೆ ಬೀಳುವ ಮುಂಚೆ ಮಾತನ್ನು ಹಿಂದೆಗೆದುಕೊಂಡನು. ನ್ಯಾಯಸ್ಥಾನವು ಅವನ ಪಕ್ಷವನ್ನೇ ಹಿಡಿಯಿತು. ಸುತ್ತಿಗೆ ಬಿದ್ದ ಮೇಲಾದರೋ ವಿಕ್ರಯವು ಪೂರ್ತಿಯಾಯಿತು. ಮನೆಯಲ್ಲಿ ಹೆಂಡತಿಯು ಗದರಿಸಿದಳೆಂಬದು ಕಾರಣವಾಗದು.

ಇಷ್ಟರ ವರೆಗೆ ಮಾರುವವನ ಸುಳ್ಳು ಕೂಗಿನ ವಿಷಯ. ಕೊಳ್ಳುವವರ ಸುಳ್ಳು ಮೌನವು ಇದಕ್ಕಿಂತ ಕಠಿಣವಾದ ಪ್ರಶ್ನೆ, ಮತ್ತು ಇಲ್ಲಿ ಕಾಯಿದೆಯ ಕೈ ಅಷ್ಟು ಬಿಗಿಯಾಗಿಲ್ಲ. ನಾಲ್ವರು ಮುಂಚೆಯೇ ಕೂಡಿಕೊಂಡು, ನೀನೊಬ್ಬನೇ ಕೂಗು, ನಾವು ಸುಮ್ಮನಿರುವೆವು, ಆಮೇಲೆ ಲಾಭವನ್ನು ಹಂಚಿಕೊಳ್ಳುವ ಎಂದು ಮಾತಾಡಿಕೊಂಡರೆ ಏನು? ಇಂಗ್ಲೆಂಡಿನಲ್ಲಿ ವ್ಯಾಪಾರಿಗಳ ಇಂಥ ಕಟ್ಟನ್ನು 1927ರ ಕಾಯಿದೆಯು ಅಪರಾಧವನ್ನಾಗಿ ಮಾಡಿತು. ನಮ್ಮ ದೇಶದಲ್ಲಿ ಪೈಪೋಟಿಯ ವ್ಯಾಪಾರಿಗಳು ಕೂಡಿ ಸವಾಲು ಕೆಡಿಸುವದನ್ನು 2002ರ ಸ್ಪರ್ಧಾ ಕಾಯಿದೆಯು ನಿಷೇಧಿಸಿದೆ. ಆದರೆ ಹಳ್ಳಿಯ ನಾಲ್ವರು ನೆರೆಯವರು ಅಡಿಕೆ ಜಗಿಯುತ್ತಾ ಮಾಡಿಕೊಂಡ ಒಪ್ಪಂದವನ್ನು ಯಾರು ಹಿಡಿದಾರು? ಬಾಯಿ ತೆರೆಯದವನ ಮೇಲೆ ಸಾಕ್ಷಿ ಹೇಳುವದು ಸುಲಭವಲ್ಲ.

ನಮ್ಮ ಮನಸ್ಸನ್ನು ಹೆಚ್ಚಾಗಿ ಚುಚ್ಚುವದು ಲೋಭದ ಮೌನವಲ್ಲ, ದಯೆಯ ಮೌನವೇ. ಒಬ್ಬ ರೈತನ ಹೊಲವನ್ನು ಸಾಲದ ಡಿಕ್ರೀಗಾಗಿ ಕೋರ್ಟಿನವರು ಏಲಂ ಹಾಕುತ್ತಾರೆಂದು ಎಣಿಸಿರಿ. ಸಾಲವು 4 ಲಕ್ಷ, ಹೊಲದ ನಿಜವಾದ ಬೆಲೆ 6 ಲಕ್ಷ. ಅಯ್ಯೋ, ನೆರೆಯವನ ಹೊಲಕ್ಕೆ ನಾವು ಹೇಗೆ ಕೂಗೇವು ಎಂದು ಊರವರೆಲ್ಲರು ತಲೆ ತಗ್ಗಿಸಿ ನಿಲ್ಲುತ್ತಾರೆ. ಸಾಲ ಕೊಟ್ಟವನು ಕೋರ್ಟಿನ ಅಪ್ಪಣೆ ಪಡೆದು ತಾನೇ 3 ಲಕ್ಷಕ್ಕೆ ಕೂಗುತ್ತಾನೆ, ಎದುರು ಕೂಗುವವರಿಲ್ಲ. ಹೊಲವು ಹೋಯಿತು, 1 ಲಕ್ಷದ ಸಾಲವು ಇನ್ನೂ ತಲೆಯ ಮೇಲಿದೆ. ಊರವರು ನ್ಯಾಯವಾಗಿ 6 ಲಕ್ಷದ ವರೆಗೆ ಕೂಗಿದ್ದರೆ ಸಾಲವು ತೀರಿ, ಖರ್ಚು ಕಳೆದು ಉಳಿದದ್ದು ಅವನ ಕೈಗೆ ಬರುತ್ತಿತ್ತು. ಹೀಗಿರಲಾಗಿ ದಯೆಯಿಂದ ಸುಮ್ಮನಿದ್ದವರು ಯಾರಿಗೆ ಉಪಕಾರ ಮಾಡಿದರು?

ಅಂಥ ಏಲಮಿನಲ್ಲಿ ಕೂಗುವದು ಬಿದ್ದವನನ್ನು ತುಳಿಯುವದೆಂದು ಅನೇಕರು ನಂಬಿದ್ದಾರೆ. ನಾವಾದರೋ ನ್ಯಾಯವಾದ ಬೆಲೆಗೆ ಕೂಗುವದು ಪಾಪವಲ್ಲವೆಂದು ಎಣಿಸುತ್ತೇವೆ. ಅಗ್ಗಕ್ಕೆ ಸಿಕ್ಕೀತೆಂದು ಕಾದು ಕೂತಿರುವದೇ ತುಳಿಯುವದು. ಕೂಗುವವನು ತನ್ನ ಚೀಲವನ್ನು ನೋಡಿಕೊಂಡೇ ಕೂಗಲಿ. 1908ರ ಸಿವಿಲ್ ಪ್ರೊಸೀಜರ್ ಕೋಡಿನ ಪ್ರಕಾರ ಭೂಮಿಯನ್ನು ಕೊಂಡವನು ಕ್ರಯದ 100ಕ್ಕೆ 25ರಂತೆ ಅಲ್ಲೇ ಇಡಬೇಕು, ಉಳಿದದ್ದನ್ನು 15 ದಿವಸಗಳೊಳಗೆ ಕಟ್ಟಬೇಕು. ಕಟ್ಟದಿದ್ದರೆ ಭೂಮಿಯನ್ನು ಮತ್ತೆ ಮಾರುವರು, ಕ್ರಯ ಕಡಿಮೆಯಾದರೆ ನಷ್ಟವನ್ನು ಅವನಿಂದಲೇ ಎಳೆಯುವರು.

ಅದೇ ಕೋಡು ಸಾಲಗಾರನಿಗೂ ಕೆಲವು ಆಸರೆಗಳನ್ನು ಇಟ್ಟಿದೆ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ರೈತನ ಜೀವನಕ್ಕೆ ಬೇಕಾದ ನೇಗಿಲು, ಎತ್ತು, ಬಿತ್ತನೆಯ ಬೀಜ ಇವುಗಳನ್ನು ಜಪ್ತಿ ಮಾಡಕೂಡದು. ಏಲಮಿನ ಅಧಿಕಾರಿಯು ತಾನೇ ಕೊಳ್ಳಕೂಡದು. ಏಲಂ ನಡಿಸುವದರಲ್ಲಿ ಮೋಸವೋ ದೊಡ್ಡ ಕ್ರಮತಪ್ಪೋ ಆಗಿ ಅದರಿಂದ ನಿಜವಾದ ನಷ್ಟ ಉಂಟಾಗಿದ್ದರೆ ರದ್ದುಮಾಡಬೇಕೆಂದು ಬೇಡಿಕೊಳ್ಳಬಹುದು. ಇದಲ್ಲದೆ ಇನ್ನೊಂದು ಬಾಗಿಲೂ ಉಂಟು. ಅದು ಹಳ್ಳಿಗಳಲ್ಲಿ ಕೊಂಚ ಜನರಿಗೆ ಮಾತ್ರ ತಿಳಿದದೆ. ಭೂಮಿಯು ಮಾರಿಹೋದ ದಿವಸದಿಂದ 60 ದಿವಸಗಳೊಳಗೆ, ಪ್ರಕಟಣೆಯಲ್ಲಿ ತೋರಿಸಿದ ಸಾಲದ ಮೊತ್ತವನ್ನೂ, ಕೊಂಡವನಿಗಾಗಿ ಕ್ರಯದ 100ಕ್ಕೆ 5ರಂತೆ ಹಣವನ್ನೂ ಕೋರ್ಟಿನಲ್ಲಿ ಇಟ್ಟು ಅರ್ಜಿ ಕೊಟ್ಟರೆ ಏಲಮು ರದ್ದಾಗುವದು. ನಾವು ಮೇಲೆ ಹೇಳಿದ ರೈತನಿಗೆ ಬೇಕಾದದ್ದು 4 ಲಕ್ಷವೂ 15,000 ರೂಪಾಯಿಯೂ. ಅಂದು ಅಂಗಳದಲ್ಲಿ ತಲೆ ತಗ್ಗಿಸಿ ನಿಂತ ನೆರೆಯವರು ಹತ್ತು ಮಂದಿ ಕೂಡಿ ಅಷ್ಟನ್ನು ಅವನಿಗೆ ಸಾಲವಾಗಿ ಕೊಡಲು ಮನಸ್ಸು ಮಾಡಿದರೆ, ಅವರಿಗೆ ಇನ್ನೂ 60 ದಿವಸಗಳಿರುತ್ತವೆ.