ಒಂಟೆಯ ಹಗ್ಗ, ದೋಣಿಯ ಹಗ್ಗ



2021ರ ಮೇ 15ರಂದು, ಈದುಲ್ ಫಿತ್ರ್ ಕಳೆದ ಬೆನ್ನಲ್ಲೇ, ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಿಂದ ಹಾದುಹೋಯಿತು. ಅದು ನೆಲಕ್ಕೆ ಅಪ್ಪಳಿಸಿದ್ದು ಎರಡು ದಿನಗಳ ಬಳಿಕ, ದೂರದ ಗುಜರಾತಿನಲ್ಲಿ. ಆದರೂ ಬೈಂದೂರು ತಾಲೂಕಿನ ನಾಡದಲ್ಲಿ 24 ಗಂಟೆಗಳಲ್ಲಿ 385 ಮಿಲಿಮೀಟರ್ ಮಳೆ ಸುರಿಯಿತು.

ಅದು ಹುಟ್ಟಿದ್ದು ಲಕ್ಷದ್ವೀಪದ ಬಳಿಯ ಬೆಚ್ಚನೆಯ ಕಡಲಿನಲ್ಲಿ. ನೀರಿನ ಶಾಖ ಸುಮಾರು 26.5 ಡಿಗ್ರಿ ಮೀರಿದಾಗ ಆವಿ ಮೇಲೇರುತ್ತದೆ. ಮೋಡವಾಗುವಾಗ ಆ ಆವಿ ಬಿಟ್ಟುಕೊಡುವ ಶಾಖವೇ ಗಾಳಿಗೆ ಬಲ. ಭೂಮಿಯ ತಿರುಗುವಿಕೆ ಅದನ್ನು ಸುಳಿಯಾಗಿಸುತ್ತದೆ. ಜುಲೈ, ಆಗಸ್ಟಿನಲ್ಲಿ ಕೆಳಗೆ ಪಶ್ಚಿಮದ ಗಾಳಿ, ಮೇಲೆ ಪೂರ್ವದ ಗಾಳಿ ಬೀಸಿ ಸುಳಿಯನ್ನು ಹರಿದುಬಿಡುತ್ತವೆ. ಆದ್ದರಿಂದ ನಮ್ಮ ಅರಬಿ ಸಮುದ್ರದಲ್ಲಿ ಚಂಡಮಾರುತದ ಕಾಲ ಮುಂಗಾರಿನ ಹಿಂದೆ ಮುಂದೆ: ಮೇ, ಜೂನ್, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್.

ಗಾಳಿಗಳ ಚಲನೆಯಲ್ಲಿ ವಿವೇಕಿಗಳಿಗೆ ದೃಷ್ಟಾಂತಗಳಿವೆ ಎಂದು ಪವಿತ್ರ ಕುರ್‌ಆನ್ ಹೇಳುತ್ತದೆ. ಹಾಗಿರುವಾಗ ರೇಡಿಯೋದ ಎಚ್ಚರಿಕೆ ಕೇಳಿಯೂ ‘ವಿಧಿಯಲ್ಲಿದ್ದಂತೆ ಆಗಲಿ’ ಎಂದು ಕಡಲಿಗಿಳಿಯುವುದು ತವಕ್ಕುಲ್ ಆದೀತೇ? ಮೊದಲು ಒಂಟೆಯನ್ನು ಕಟ್ಟಿಹಾಕಿ, ಆಮೇಲೆ ಅಲ್ಲಾಹನಲ್ಲಿ ಭರವಸೆಯಿಡಲು ಪ್ರವಾದಿ(ಸ)ರವರು ಕಲಿಸಿದರು. ಗಂಗೊಳ್ಳಿ, ಶಿರೂರು, ಕೋಡಿಬೆಂಗ್ರೆಗಳಲ್ಲಿ ಒಂಟೆಯಿಲ್ಲ, ದೋಣಿಯಿದೆ. ಹಗ್ಗ ಎರಡಕ್ಕೂ ಬೇಕು.

ಗಾಳಿಯನ್ನು ಶಪಿಸಬೇಡಿರಿ, ಅದನ್ನೂ ಪ್ರವಾದಿ(ಸ)ರವರು ತಡೆದಿದ್ದಾರೆ. ನೆರೆಯವನ ಹಂಚು ಹಾರಿದ್ದನ್ನು ನೋಡಿ ‘ಅವನ ಪಾಪದ ಫಲ’ ಎಂದು ತೀರ್ಪು ಕೊಡುವ ಚಪಲವೂ ಬೇಡ. ಏಣಿ ಹಿಡಿದು ಹೋಗಿರಿ.

ದೋಣಿಯ ಮಾಲಕರೇ, ಸಾಲದ ಕಂತಿನ ನೆಪದಲ್ಲಿ ಕೂಲಿಯವನನ್ನು ಅಲೆಗೆ ಕಳುಹಿಸದಿರಿ. ಅವನು ದಡದಲ್ಲಿ ಕುಳಿತ ದಿನಗಳಲ್ಲಿ ಮನೆಗೆ ಅಕ್ಕಿ ಎಲ್ಲಿಂದ? ಈ ಪ್ರಶ್ನೆಯನ್ನು ಜಮಾಅತ್ ಕಮಿಟಿ ಮೇ ತಿಂಗಳಿಗೆ ಮೊದಲೇ ಕುಳಿತು ಚರ್ಚಿಸಲಿ.